ಎರಡಡಿ ತೊಟ್ಟಿಯಲ್ಲಿ ಹವಳದ ಕಡಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲಿ ಉಪ್ಪುನೀರಿನ ಹವಳದ ಅಕ್ವೇರಿಯಂ ಇಡುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಲೆಕ್ಕಗಳೆಲ್ಲ 60 ಸೆಂ.ಮೀ. ಉದ್ದ, 45 ಅಗಲ, 45 ಎತ್ತರದ ತೊಟ್ಟಿಗೆ ಹೊಂದುವಂಥವು. ಕಲ್ಲು, ಮರಳು ಹೋಗಿ ಇದರಲ್ಲಿ ಸುಮಾರು 100 ಲೀಟರ್ ನೀರು ನಿಲ್ಲುತ್ತದೆ.

ಪ್ರ: ಬಾಡಿಗೆ ಮನೆ, ಎರಡನೇ ಮಹಡಿ. ಮೊದಲ ಪ್ರಯತ್ನವಾದ್ದರಿಂದ ಒಂದಡಿಯ ಪುಟ್ಟ ಟ್ಯಾಂಕ್ ಸಾಕಲ್ಲವೇ? ಏನೇನು ಕೊಳ್ಳಬೇಕು? (ಬೆಂಗಳೂರು)

ಉ: ಬೇಡ. ಚಿಕ್ಕದಾದಷ್ಟೂ ಕಷ್ಟ ಹೆಚ್ಚು. 20 ಲೀಟರ್ ನೀರಿನಲ್ಲಿ ಒಂದು ಬಸವನಹುಳು ಸತ್ತು ಕೊಳೆತರೆ ಇಡೀ ತೊಟ್ಟಿ ಕೆಡಬಹುದು. ಅದೇ 100 ಲೀಟರ್ ಇದ್ದರೆ ನಿಮಗೆ ಗಮನಿಸಿ ಸರಿಪಡಿಸಲು ಒಂದೆರಡು ದಿನ ಸಿಗುತ್ತದೆ. ಎರಡಡಿಯ ತೊಟ್ಟಿ ಸ್ಟ್ಯಾಂಡ್ ಸೇರಿ ಸುಮಾರು 170 ಕಿಲೊ ತೂಗುತ್ತದೆ. ಅದನ್ನು ಕೋಣೆಯ ನಡುವೆ ಇಡದೆ ಗೋಡೆಗೆ ಒತ್ತಿಕೊಂಡು, ಕಿಟಕಿಯ ನೇರ ಬಿಸಿಲು ಬೀಳದ ಕಡೆ ಇಡಿ. ಗಾಜು 8 ಮಿ.ಮೀ. ಇರಲಿ.

ಕೊಳ್ಳಬೇಕಾದದ್ದು: ಗಂಟೆಗೆ 2,000ದಿಂದ 3,000 ಲೀಟರ್ ನೀರು ತಳ್ಳುವ ವೇವ್‌ಮೇಕರ್, ಹಿಂಬದಿಗೆ ತೂಗುಹಾಕುವ ಫಿಲ್ಟರ್, ನೀಲಿ ಬೆಳಕು ಹೆಚ್ಚಿರುವ ರೀಫ್ ಎಲ್‌ಇಡಿ, ಅದಕ್ಕೊಂದು ಟೈಮರ್, 100 ವ್ಯಾಟ್ ಹೀಟರ್, ಥರ್ಮಾಮೀಟರ್, ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಫಾಸ್ಫೇಟ್ ಮತ್ತು ಕ್ಷಾರತೆಯ ಟೆಸ್ಟ್ ಕಿಟ್‌ಗಳು. ಇದರ ಜೊತೆಗೆ 10 ಕಿಲೊ ರಂಧ್ರಭರಿತ ಒಣ ಕಲ್ಲು, 10 ಕಿಲೊ ಅರಗೊನೈಟ್ ಮರಳು ಬೇಕು. ಅಷ್ಟು ಮರಳು ತಳದಲ್ಲಿ ಎರಡೂವರೆ ಸೆಂ.ಮೀ. ಬರುತ್ತದೆ. ಕಲ್ಲನ್ನು ಗಾಜಿನ ತಳದ ಮೇಲೆ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತ ಮರಳು ಸುರಿಯಿರಿ. ಮರಳಿನ ಮೇಲೆ ಕಲ್ಲಿಟ್ಟರೆ ಗೋಬಿ ಮೀನು ಅಡಿಯಲ್ಲಿ ತೋಡಿ ಕಲ್ಲು ಜಾರುತ್ತದೆ, ಗಾಜು ಒಡೆಯುತ್ತದೆ. ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ ಇದ್ದರೆ ಒಳ್ಳೆಯದು, ಆದರೆ ಈ ಗಾತ್ರಕ್ಕೆ ಅನಿವಾರ್ಯವಲ್ಲ. ವಾರಕ್ಕೆ 10 ಲೀಟರ್ ನೀರು ತಪ್ಪದೆ ಬದಲಿಸಿದರೆ ಆ ಕೆಲಸ ನಡೆಯುತ್ತದೆ.

ಪ್ರ: ಅಡುಗೆಮನೆಯ ಆರ್‌ಒ ನೀರು ಕುಡಿಯಲೇ ಯೋಗ್ಯ ಎಂದ ಮೇಲೆ ಮೀನಿಗೆ ಏಕೆ ಸಾಲದು? (ತುಮಕೂರು)

ಉ: ಕುಡಿಯುವ ನೀರಿನಲ್ಲಿ ಖನಿಜ ಬೇಕು, ಹವಳದ ತೊಟ್ಟಿಗೆ ಸುರಿಯುವ ನೀರಿನಲ್ಲಿ ಏನೂ ಇರಬಾರದು. ಮನೆಯ ಪ್ಯೂರಿಫೈಯರ್‌ಗಳಲ್ಲಿ ರುಚಿಗಾಗಿ ಹಸಿ ನೀರನ್ನು ಮತ್ತೆ ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ಕಂಟ್ರೋಲರ್ ಇಲ್ಲವೇ ಮಿನರಲ್ ಕಾರ್ಟ್ರಿಜ್ ಇರುತ್ತದೆ. ಬೋರ್‌ವೆಲ್ ನೀರಿನ ನೈಟ್ರೇಟ್, ಸಿಲಿಕೇಟ್, ಫಾಸ್ಫೇಟ್ ಆ ದಾರಿಯಲ್ಲಿ ತೊಟ್ಟಿಗಿಳಿದು ಪಾಚಿಗೆ ಗೊಬ್ಬರವಾಗುತ್ತವೆ. ಈಚೆಗೆ ಬರುತ್ತಿರುವ, ನೀರಿಗೆ ತಾಮ್ರ ಬೆರೆಸುವ ಪ್ಯೂರಿಫೈಯರ್‌ಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಮನುಷ್ಯರಿಗೆ ಏನೂ ಮಾಡದ ಪ್ರಮಾಣದ ತಾಮ್ರ ಸಿಗಡಿ, ಬಸವನಹುಳು, ಹವಳಗಳನ್ನು ಕೊಲ್ಲುತ್ತದೆ. ತಾಮ್ರದ ಕೊಡ, ಹಿತ್ತಾಳೆಯ ನಲ್ಲಿ ಕೂಡ ಈ ನೀರಿಗೆ ತಾಗಬಾರದು.

ದಾರಿ ಇದು: ಆರ್‌ಒ ಯಂತ್ರದ ಸೋಸುವ ಪೊರೆಯಾದ ಮೆಂಬ್ರೇನ್‌ನಿಂದ ನೇರವಾಗಿ ಹೊರಬರುವ ನೀರನ್ನು, ಖನಿಜ ಬೆರೆಯುವ ಮೊದಲೇ, ಉಳಿದ ಲವಣಗಳನ್ನೂ ಹೀರಿಕೊಳ್ಳುವ ಒಂದು ಡಿಐ ರೆಸಿನ್ ಕಾರ್ಟ್ರಿಜ್ ಮೂಲಕ ಹಾಯಿಸಿ. ಟಿಡಿಎಸ್ ಮೀಟರ್ 0 ತೋರಿಸಬೇಕು. 2 ಅಥವಾ 3 ತೋರಿಸಲು ಶುರುವಾದ ದಿನವೇ ರೆಸಿನ್ ಬದಲಿಸಿ. ನಿಮ್ಮದು ಗಡಸು ಬೋರ್‌ವೆಲ್ ನೀರಾದರೆ ರೆಸಿನ್ ಬೇಗ ಮುಗಿಯುತ್ತದೆ. ಮಳೆಗಾಲದಲ್ಲಿ ಮೆಂಬ್ರೇನ್‌ಗೆ ಮಳೆನೀರು ಕೊಟ್ಟರೆ ಎರಡೂ ಹೆಚ್ಚು ದಿನ ಬಾಳುತ್ತವೆ.

ಪ್ರ: ನಮ್ಮೂರ ಪಕ್ಕದಲ್ಲೇ ಸಾಣಿಕಟ್ಟಾ ಉಪ್ಪಿನ ಆಗರ ಇದೆ. ಸಮುದ್ರದ ನೀರಿನಿಂದಲೇ ಮಾಡಿದ ಆ ಉಪ್ಪನ್ನು ಕರಗಿಸಿದರೆ ಮತ್ತೆ ಸಮುದ್ರದ ನೀರೇ ಆಗಬೇಕಲ್ಲ? (ಕುಮಟಾ)

ಉ: ಆಗುವುದಿಲ್ಲ, ಮತ್ತು ಕಾರಣ ಆ ಆಗರದಲ್ಲೇ ಕಾಣುತ್ತದೆ. ಬಿಸಿಲಿಗೆ ನೀರು ಇಂಗುತ್ತಾ ಹೋದಂತೆ ಲವಣಗಳೆಲ್ಲ ಒಟ್ಟಿಗೆ ಹರಳಾಗುವುದಿಲ್ಲ. ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್, ಆಮೇಲೆ ಜಿಪ್ಸಂ ಮೊದಲ ಪಾತಿಗಳಲ್ಲೇ ತಳ ಸೇರುತ್ತವೆ. ಕೊನೆಯ ಪಾತಿಯಲ್ಲಿ ಅಡುಗೆಯ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂ, ಪೊಟ್ಯಾಸಿಯಂಗಳ ಬಹುಪಾಲು ಉಳಿದ ಕಹಿ ನೀರಿನಲ್ಲೇ ಹೊರಟುಹೋಗುತ್ತದೆ. ಊಟಕ್ಕೆ ಒಳ್ಳೆಯ ಉಪ್ಪು ಸಿಗುವುದೇ ಹೀಗೆ ಬೇರ್ಪಡುವುದರಿಂದ. ಹವಳಕ್ಕೆ ಬೇಕಾದದ್ದು ಬೇರ್ಪಟ್ಟುಹೋದ ಆ ಭಾಗಗಳೂ ಸೇರಿದ ನೀರು.

ಆದ್ದರಿಂದ ರೀಫ್ ಅಕ್ವೇರಿಯಂಗೆಂದೇ ಮಾಡಿದ ಸಿಂಥೆಟಿಕ್ ಸಾಲ್ಟ್ ಕೊಳ್ಳಿ. ಲೀಟರಿಗೆ 36ರಿಂದ 38 ಗ್ರಾಂ, ಅಂದರೆ 20 ಲೀಟರ್ ಬಕೆಟ್‌ಗೆ 720ರಿಂದ 760 ಗ್ರಾಂ ಹಿಡಿಯುತ್ತದೆ. ಬಕೆಟ್‌ನಲ್ಲಿ ನೀರು ತುಂಬಿ, ಪಂಪ್ ತಿರುಗುತ್ತಿರುವಾಗ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಉದುರಿಸಿ. ಉಪ್ಪಿನ ಮೇಲೆ ನೀರು ಸುರಿದರೆ ಗಾಢ ದ್ರಾವಣದಲ್ಲಿ ಕ್ಯಾಲ್ಸಿಯಂ ಸುಣ್ಣದಂತೆ ಒಡೆದು ಬಕೆಟ್‌ಗೆ ಅಂಟಿಕೊಳ್ಳುತ್ತದೆ, ಮತ್ತೆ ಕರಗುವುದಿಲ್ಲ. ಗುರಿ: ಲವಣಾಂಶ ಸಾವಿರಕ್ಕೆ 35, ಸಾಪೇಕ್ಷ ಸಾಂದ್ರತೆ 1.026, ಕ್ಷಾರತೆ 8ರಿಂದ 9 ಡಿಕೆಎಚ್ (ಕ್ಷಾರತೆಯ ಕಿಟ್ ತೋರಿಸುವ ಅಳತೆ), ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಮೆಗ್ನೀಸಿಯಂ 1,300ರ ಆಸುಪಾಸು.

ರಿಫ್ರಾಕ್ಟೋಮೀಟರನ್ನು ಬರಿ ನೀರಿನಿಂದ ಸೊನ್ನೆಗೆ ಹೊಂದಿಸಿದರೆ ಸಾಲದು. 35ರ ಹತ್ತಿರ ಅದು ತಪ್ಪು ತೋರಿಸಬಹುದು. 963.5 ಗ್ರಾಂ ಶುದ್ಧ ನೀರಿಗೆ 36.5 ಗ್ರಾಂ ಒಣ ಪುಡಿ ಉಪ್ಪು ಕರಗಿಸಿ. ಈ ದ್ರಾವಣಕ್ಕೆ ಉಪಕರಣ 35 ತೋರಿಸುವಂತೆ ತಿರುಪು ತಿರುಗಿಸಿ. ಪ್ಯಾಕೆಟ್‌ನ ಉಪ್ಪು ಈ ಕೆಲಸಕ್ಕೆ ಒದಗುತ್ತದೆ.

ಪ್ರ: ಹಾಗಾದರೆ ಮಲ್ಪೆಯಿಂದ ಕ್ಯಾನ್‌ಗಳಲ್ಲಿ ಸಮುದ್ರದ ನೀರೇ ತರಬಹುದೇ? (ಉಡುಪಿ)

ಉ: ಬಂದರಿನ ಒಳಗಿನ ನೀರು ಬೇಡವೇ ಬೇಡ, ಡೀಸೆಲ್, ಮೀನಿನ ತ್ಯಾಜ್ಯ, ಹೊಳೆಯ ಸಿಹಿನೀರು ಎಲ್ಲವೂ ಅಲ್ಲಿ ಬೆರೆತಿರುತ್ತವೆ. ಮುಂಗಾರು ಶುರುವಾದ ಮೇಲೆ ದಡದ ನೀರಿನ ಲವಣಾಂಶ ತೀರಾ ಇಳಿಯುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ, ದಡದಿಂದ ದೂರ ಹೋಗುವ ದೋಣಿಯವರು ಭರತದ ಹೊತ್ತಿನಲ್ಲಿ ತಂದುಕೊಟ್ಟರೆ ಬಳಸಬಹುದು. ಆಗಲೂ ದಪ್ಪ ಬಟ್ಟೆಯಲ್ಲಿ ಸೋಸಿ, ಕ್ಯಾನ್‌ಗಳನ್ನು ಎರಡು ವಾರ ಕತ್ತಲಲ್ಲಿಟ್ಟು, ಲವಣಾಂಶ ಅಳೆದೇ ಬಳಸಿ. ವರ್ಷವಿಡೀ ಒಂದೇ ಗುಣಮಟ್ಟ ಬೇಕೆನ್ನುವವರಿಗೆ ಸಿಂಥೆಟಿಕ್ ಉಪ್ಪೇ ಸರಿ.

ಪ್ರ: ನೇತ್ರಾಣಿಗೆ ಡೈವಿಂಗ್ ಹೋಗುವಾಗ ಒಂದು ಹವಳದ ಕಲ್ಲು ತಂದರೆ ತೊಟ್ಟಿಗೆ ಜೀವ ಬರುವುದಿಲ್ಲವೇ? ಸತ್ತ ಹವಳವಾದರೂ ಸರಿ. (ಭಟ್ಕಳ)

ಉ: ದಯವಿಟ್ಟು ತರಬೇಡಿ. ಬಂಡೆ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ ಮತ್ತು ಕಡಲ್ಗುದುರೆಗಳಿಗೆ 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹುಲಿಯ ಉಗುರು ಇಟ್ಟುಕೊಂಡರೆ ಹೇಗೋ ಸತ್ತ ಹವಳದ ತುಂಡು ಇಟ್ಟುಕೊಂಡರೂ ಹಾಗೆಯೇ ಅಪರಾಧ. ಕಾನೂನಿನ ಮಾತು ಬಿಟ್ಟರೂ, ಮುರುಡೇಶ್ವರದ ಎದುರಿನ ಆ ಪುಟ್ಟ ದ್ವೀಪದ ಸುತ್ತ ಇರುವ ಹವಳ ಬಹಳ ಕಡಿಮೆ. ಕೈಯಗಲದ ತುಂಡು ಬೆಳೆಯಲು ವರ್ಷಗಳೇ ಹಿಡಿಯುತ್ತವೆ.

ನಮ್ಮ ಶಿಫಾರಸು ಮೆದು ಹವಳಗಳ ತೊಟ್ಟಿ: ಮಶ್ರೂಮ್, ಜೋಯಾಂತಿಡ್, ಲೆದರ್ ಹವಳ. ಇವು ಗಟ್ಟಿ ಹವಳಗಳ ಗುಂಪಿಗೆ ಸೇರುವುದಿಲ್ಲ, ತೊಟ್ಟಿಗಳಲ್ಲೇ ಕವಲೊಡೆದು ಬೆಳೆಯುತ್ತವೆ, ಹೊಸಬರ ತಪ್ಪುಗಳನ್ನೂ ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ. ಸಾಕಿ ಬೆಳೆಸಿದ ತುಂಡುಗಳನ್ನೇ ಕೇಳಿ, ಬಿಲ್ ಪಡೆಯಿರಿ. ಮಾರುವವರು ಮೂಲ ಹೇಳದಿದ್ದರೆ ಕೊಳ್ಳಬೇಡಿ. ಅನುಮಾನವಿದ್ದರೆ ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗದಲ್ಲಿ ವಿಚಾರಿಸಿ. ಕಲ್ಲಿನ ಜಾಗಕ್ಕೆ ರಂಧ್ರಭರಿತ ಸೆರಾಮಿಕ್ ಕಲ್ಲು ಸಿಗುತ್ತದೆ. ತೊಟ್ಟಿಯ ಜೀವ ಎನ್ನುವುದು ಆ ರಂಧ್ರಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾ. ಅವಕ್ಕೆ ಕಲ್ಲು ಎಲ್ಲಿಯದಾದರೂ ಒಂದೇ.

ಪ್ರ: ಅಂಗಡಿಯಲ್ಲಿ ಒಂದು ಬಾಟಲಿ ಬ್ಯಾಕ್ಟೀರಿಯಾ ಕೊಟ್ಟು, ಮೂರನೇ ದಿನ ಮೀನು ಬಿಡಿ ಎಂದರು. ನಾಲ್ಕು ಡ್ಯಾಮ್ಸೆಲ್ ಬಿಟ್ಟೆ. ವಾರದೊಳಗೆ ಮೂರು ಸತ್ತವು. ನೀರು ಕನ್ನಡಿಯಂತೆ ತಿಳಿಯಾಗಿತ್ತು. (ಮೈಸೂರು)

ಉ: ಕೊಂದದ್ದು ಅಮೋನಿಯಾ. ಅದು ಕಣ್ಣಿಗೆ ಕಾಣುವುದಿಲ್ಲ. ಮೀನು ಕಿವಿರಿನಿಂದ ಹೊರಬಿಡುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಬೇಕು, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡಬೇಕು. ಬಾಟಲಿಯಿಂದ ಬಂದ ಬ್ಯಾಕ್ಟೀರಿಯಾ ಜೀವಂತವಿದ್ದರೂ ಕಲ್ಲಿಗೆ ಕಚ್ಚಿ ಹೆಚ್ಚಲು ಸಮಯ ಬೇಕು. ಉಪ್ಪುನೀರಿನ ಪಿಎಚ್ 8ಕ್ಕಿಂತ ಮೇಲಿರುವುದರಿಂದ, ಅಷ್ಟೇ ಅಮೋನಿಯಾ ಸಿಹಿನೀರಿಗಿಂತ ಇಲ್ಲಿ ಹೆಚ್ಚು ವಿಷ.

ಮೀನಿಲ್ಲದೆಯೇ ತೊಟ್ಟಿ ಪಳಗಿಸಿ, ಅಂದರೆ ಈ ಬ್ಯಾಕ್ಟೀರಿಯಾ ನೆಲೆಸಿ ಹೆಚ್ಚುವಂತೆ ಮಾಡಿ. 100 ಲೀಟರ್ ನೀರಿಗೆ 0.63 ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿದರೆ ಅಮೋನಿಯಾ 2 ಪಿಪಿಎಂ ಆಗುತ್ತದೆ. ಇದೇ ನವಸಾಗರ, ಆದರೆ ಕಲಾಯಿಗೆ ಬಳಸುವ ಪೇಟೆಯ ನವಸಾಗರದಲ್ಲಿ ಕಲಬೆರಕೆ ಇರುತ್ತದೆ. ಲ್ಯಾಬ್ ದರ್ಜೆಯದನ್ನೇ ತನ್ನಿ. ನೀರು 26 ಡಿಗ್ರಿ ಇರಲಿ, ವೇವ್‌ಮೇಕರ್ ಓಡುತ್ತಿರಲಿ, ದೀಪ ಆರಿರಲಿ. ಎರಡು ದಿನಕ್ಕೊಮ್ಮೆ ಅಳೆಯಿರಿ. ಅಮೋನಿಯಾ ಇಳಿದಂತೆ ನೈಟ್ರೈಟ್ ಏರುತ್ತದೆ, ಆಮೇಲೆ ಅದೂ ಇಳಿಯುತ್ತದೆ. ಮತ್ತೆ 2 ಪಿಪಿಎಂ ಹಾಕಿದಾಗ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದರೆ ತೊಟ್ಟಿ ಸಿದ್ಧ. ಇದಕ್ಕೆ ಮೂರರಿಂದ ಆರು ವಾರ ಹಿಡಿಯುತ್ತದೆ. ಕೊನೆಗೆ ಅರ್ಧದಷ್ಟು ನೀರು ಬದಲಿಸಿ.

ಉಳಿದಿರುವ ಆ ಒಂದು ಡ್ಯಾಮ್ಸೆಲ್ಲನ್ನು ಸಾಧ್ಯವಾದರೆ ಹಿಂದಿರುಗಿಸಿ. ಗಟ್ಟಿ ಜೀವವೆಂದು ಮೊದಲ ಮೀನಾಗಿ ಅದನ್ನೇ ಮಾರುತ್ತಾರೆ. ತೊಟ್ಟಿ ತನ್ನದೆಂದು ಒಮ್ಮೆ ತೀರ್ಮಾನಿಸಿದರೆ ಆಮೇಲೆ ಬಂದವರನ್ನೆಲ್ಲ ಕಚ್ಚಿ ಓಡಿಸುತ್ತದೆ.

ಪ್ರ: ಯಾವ ಮೀನು, ಎಷ್ಟು, ಯಾವ ಕ್ರಮದಲ್ಲಿ? ಮಗಳಿಗೆ ನೀಲಿ ಟ್ಯಾಂಗ್ ಬೇಕಂತೆ. (ಹುಬ್ಬಳ್ಳಿ)

ಉ: ನೀಲಿ ಟ್ಯಾಂಗ್ 25 ಸೆಂ.ಮೀ. ಮೀರಿ ಬೆಳೆಯುವ, ದಿನವಿಡೀ ಈಜುವ ಮೀನು. ಎರಡಡಿ ತೊಟ್ಟಿ ಅದಕ್ಕೆ ಸೆರೆಮನೆ. ಮಗಳಿಗೆ ಕ್ಲೌನ್ ಮೀನಿನ ಜೋಡಿ ಕೊಡಿಸಿ.

ಮೊದಲು ಐದಾರು ಬಸವನಹುಳು, ಎರಡು ಹರ್ಮಿಟ್ ಏಡಿ. ಎರಡು ವಾರದ ನಂತರ ಒಂದೆರಡು ಮಶ್ರೂಮ್ ಹವಳ. ಅವು ಅರಳಿ ನಿಂತರೆ ಆಸಿಲ್ಯಾರಿಸ್ ಜಾತಿಯ ಕ್ಲೌನ್ ಮೀನಿನ ಎರಡು ಮರಿಗಳು, ಒಂದು ದೊಡ್ಡದು, ಒಂದು ಚಿಕ್ಕದು. ಕ್ಲೌನ್‌ಗಳೆಲ್ಲ ಮೊದಲು ಗಂಡು; ಜೋಡಿಯಲ್ಲಿ ದೊಡ್ಡದು ಹೆಣ್ಣಾಗಿ ಬದಲಾಗುತ್ತದೆ, ಆದ್ದರಿಂದ ಗಾತ್ರ ಬೇರೆಯಿದ್ದರೆ ಜಗಳ ಕಡಿಮೆ. ಇವುಗಳನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಸಮುದ್ರದಿಂದ ಹಿಡಿದದ್ದಕ್ಕಿಂತ ಹ್ಯಾಚರಿ ಮರಿ ಕಾಳು ಆಹಾರ ಬೇಗ ತಿನ್ನುತ್ತದೆ. ಅದನ್ನೇ ಕೇಳಿ ಕೊಳ್ಳಿ. ಮೂರು ನಾಲ್ಕು ವಾರದ ಅಂತರದಲ್ಲಿ ಒಂದು ವಾಚ್‌ಮನ್ ಗೋಬಿ, ಆಮೇಲೆ ಒಂದು ಫೈರ್‌ಫಿಶ್, ಕೊನೆಗೆ ಒಂದು ಕ್ಲೀನರ್ ಸಿಗಡಿ. ನಾಲ್ಕು ಮೀನಿಗೆ ನಿಲ್ಲಿಸಿ. ಫೈರ್‌ಫಿಶ್ ಹೆದರಿದರೆ ಹಾರುತ್ತದೆ. ಮೇಲೆ ಬಲೆಯ ಮುಚ್ಚಳ ಬೇಕೇ ಬೇಕು. ಬಣ್ಣಕ್ಕೆ ಮರುಳಾಗಿ ಮ್ಯಾಂಡರಿನ್ ಮೀನು ತರಬೇಡಿ. ಅದು ತಿನ್ನುವುದು ಕಲ್ಲಿನ ಮೇಲಿನ ಸೂಕ್ಷ್ಮ ಕೋಪಿಪಾಡ್‌ಗಳನ್ನು. ಹೊಸ ತೊಟ್ಟಿಯಲ್ಲಿ ಕಣ್ಣೆದುರೇ ಹಸಿದು ಸಾಯುತ್ತದೆ.

ಚೀಲವನ್ನು 15 ನಿಮಿಷ ತೇಲಬಿಟ್ಟು, ಲವಣಾಂಶ ಅಳೆಯಿರಿ. ವ್ಯತ್ಯಾಸವಿದ್ದರೆ ಸಣ್ಣ ಪೈಪಿನಿಂದ ಹನಿಹನಿಯಾಗಿ ಅರ್ಧ ಗಂಟೆ ತೊಟ್ಟಿ ನೀರು ಬೆರೆಸಿ. ದೂರದಿಂದ ಬಂದ ಚೀಲವನ್ನು ತೆರೆದಿಟ್ಟು ಗಂಟೆಗಟ್ಟಲೆ ಕಾಯಬೇಡಿ: ಗಾಳಿ ತಾಗಿ ಪಿಎಚ್ ಏರಿದೊಡನೆ ಒಳಗಿನ ಅಮೋನಿಯಾ ವಿಷವಾಗುತ್ತದೆ. ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು.

ಪ್ರ: ಬೇಸಿಗೆಯಲ್ಲಿ ನೀರು 31 ಡಿಗ್ರಿ ಮುಟ್ಟುತ್ತದೆ. ಕರೆಂಟ್ ಬೇರೆ ಹೋಗುತ್ತಿರುತ್ತದೆ. (ಕಲಬುರಗಿ)

ಉ: ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಕಟ್ಟಿ. ನಿಮ್ಮ ಒಣಹವೆಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಗಳೂರಿನ ತೇವಕ್ಕೆ ಇದು ಅಷ್ಟು ಫಲಿಸದು, ಅಲ್ಲಿಯವರಿಗೆ ಚಿಲ್ಲರ್ ಬೇಕಾದೀತು. ಫ್ಯಾನ್ ಹಾಕಿದರೆ ದಿನಕ್ಕೆ ಎರಡು ಲೀಟರ್‌ವರೆಗೆ ಆವಿಯಾಗಬಹುದು. ಹೋಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಐದು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ 10 ಲೀಟರ್ ಆರಿ ಲವಣಾಂಶ 35ರಿಂದ 39ಕ್ಕೆ ಏರುತ್ತದೆ. ಕಡಿಮೆಯಾದದ್ದನ್ನು ದಿನವೂ ಉಪ್ಪಿಲ್ಲದ ಡಿಐ ನೀರಿನಿಂದಲೇ ತುಂಬಿ. ಗಾಜಿನ ಮೇಲೆ ಟೇಪಿನಿಂದ ಮಟ್ಟದ ಗೆರೆ ಅಂಟಿಸಿಟ್ಟರೆ ಮನೆಯ ಯಾರಾದರೂ ಈ ಕೆಲಸ ಮಾಡಬಹುದು.

ಕರೆಂಟ್ ಹೋದಾಗ ಮೊದಲು ಮುಗಿಯುವುದು ಆಮ್ಲಜನಕ. ವೇವ್‌ಮೇಕರ್ ಒಂದನ್ನೇ ಇನ್ವರ್ಟರ್ ಲೈನಿಗೆ ಕೊಡಿ, ದೀಪವನ್ನು ಕೊಡಬೇಡಿ. ಇನ್ವರ್ಟರ್ ಇಲ್ಲದವರು ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ.

ಪ್ರ: ಮರಳಿನ ಮೇಲೆ ಕಂದು ಪುಡಿ, ಆಮೇಲೆ ಕಲ್ಲಿನ ಮೇಲೆ ಹಸಿರು ಕೂದಲು. (ಶಿವಮೊಗ್ಗ)

ಉ: ಕಂದು ಪುಡಿ ಡಯಾಟಂ ಎಂಬ ಸೂಕ್ಷ್ಮ ಪಾಚಿ. ಹೊಸ ತೊಟ್ಟಿಗಳಲ್ಲಿ ಬಂದು ತಾನೇ ಹೋಗುತ್ತದೆ. ಹಸಿರು ಕೂದಲನ್ನು ಕೈಯಿಂದ ಕಿತ್ತು, ದೀಪ 8 ಗಂಟೆಗೆ ಇಳಿಸಿ, ಫ್ರೋಜನ್ ಆಹಾರವನ್ನು ಕರಗಿಸಿ ಅದರ ನೀರು ಚೆಲ್ಲಿ ಹಾಕಿ. ಫಾಸ್ಫೇಟ್ 0.03ರಿಂದ 0.1, ನೈಟ್ರೇಟ್ 2ರಿಂದ 10 ಪಿಪಿಎಂ ಇರಲಿ. ಎರಡನ್ನೂ ಸೊನ್ನೆಗಿಳಿಸಲು ಹೋಗಬೇಡಿ. ಹವಳ ಬಿಳಿಚಿಕೊಳ್ಳುತ್ತದೆ, ಆ ಖಾಲಿ ಜಾಗಕ್ಕೆ ಗುಳ್ಳೆಗಳಿರುವ ಕಂದು ಲೋಳೆ, ಡೈನೋಫ್ಲಾಜೆಲೇಟ್, ಬಂದರೆ ಅದನ್ನು ಓಡಿಸುವುದು ಕೂದಲು ಪಾಚಿಗಿಂತ ಎಷ್ಟೋ ಕಷ್ಟ.

ಪ್ರ: ಕ್ಲೌನ್ ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ. ತೊಟ್ಟಿಗೆ ಯಾವ ಔಷಧ ಹಾಕಲಿ? (ದಾವಣಗೆರೆ)

ಉ: ಹವಳದ ತೊಟ್ಟಿಗೆ ಯಾವ ಔಷಧವನ್ನೂ ಹಾಕಬೇಡಿ. ಆ ಚುಕ್ಕೆಗಳಿಗೆ ಕಾರಣವಾದ ಪರೋಪಜೀವಿಯನ್ನು ಕೊಲ್ಲುವ ತಾಮ್ರ ನಿಮ್ಮ ಸಿಗಡಿ, ಹವಳಗಳನ್ನೂ ಕೊಲ್ಲುತ್ತದೆ, ಕಲ್ಲು ಮರಳಿನೊಳಗೂ ಇಳಿದು ಕೂರುತ್ತದೆ. ಎಲ್ಲ ಮೀನುಗಳನ್ನೂ, ಚುಕ್ಕೆ ಕಾಣದವನ್ನೂ ಸೇರಿಸಿ, ಕಲ್ಲು ಮರಳಿಲ್ಲದ 40 ಲೀಟರ್‌ನ ಬೇರೆ ತೊಟ್ಟಿಗೆ ವರ್ಗಾಯಿಸಿ. ಒಳಗೆ ಪಳಗಿದ ಸ್ಪಾಂಜ್ ಫಿಲ್ಟರ್, ಅವಿತುಕೊಳ್ಳಲು ಪಿವಿಸಿ ಪೈಪಿನ ತುಂಡು ಸಾಕು. ತಾಮ್ರದ ಔಷಧವನ್ನು ಲೇಬಲ್ ಹೇಳಿದ ಮಟ್ಟದಲ್ಲಿ, ದಿನವೂ ಕಿಟ್‌ನಿಂದ ಅಳೆಯುತ್ತಾ 30 ದಿನ ಕಾಯ್ದುಕೊಳ್ಳಿ. ಮುಖ್ಯ ತೊಟ್ಟಿ ಮೀನಿಲ್ಲದೆ ಕನಿಷ್ಠ ಆರು ವಾರ, ಖಚಿತವಾಗಬೇಕೆಂದರೆ 76 ದಿನ ಇರಲಿ. ಚುಕ್ಕೆ ಉದುರಿದೊಡನೆ ರೋಗ ಹೋಯಿತೆಂದು ನಂಬಿ ಮೀನನ್ನು ವಾಪಸ್ ಬಿಡುವವರೇ ಹೆಚ್ಚು. ಉದುರಿದ ಚುಕ್ಕೆ ಮರಳಿನಲ್ಲಿ ಕೋಶ ಕಟ್ಟಿ, ನೂರಾರು ಮರಿಗಳಾಗಿ ಮತ್ತೆ ಮೀನು ಹುಡುಕುತ್ತದೆ. ಮುಂದೆ ತರುವ ಪ್ರತಿ ಮೀನನ್ನೂ ಮೊದಲು ಇದೇ ಚಿಕ್ಕ ತೊಟ್ಟಿಯಲ್ಲಿ ನಾಲ್ಕು ವಾರ ಇಡಿ.

ಪ್ರ: ಜೋಯಾಂತಿಡ್ ಹವಳ ಅತಿಯಾಗಿ ಹಬ್ಬಿದೆ. ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿ ಸ್ವಚ್ಛ ಮಾಡಬಹುದೇ? (ಬೆಳಗಾವಿ)

ಉ: ಯಾವ ಕಾರಣಕ್ಕೂ ಬೇಡ. ಜೋಯಾಂತಿಡ್ ಗುಂಪಿನ ಹಲವು ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಉಗ್ರ ವಿಷವಿದೆ. ಕುದಿಸಿದಾಗ, ಬಿಸಿನೀರು ಸುರಿದಾಗ, ಬ್ರಶ್‌ನಿಂದ ಉಜ್ಜಿದಾಗ ಅದು ಹಬೆ ಮತ್ತು ತುಂತುರಿನೊಂದಿಗೆ ಶ್ವಾಸಕ್ಕೆ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ. ಕೈಗವಸು, ಕನ್ನಡಕ ಧರಿಸಿ, ನೀರಿನೊಳಗೇ ಆ ಕಲ್ಲನ್ನು ಬಕೆಟ್‌ಗೆ ಜಾರಿಸಿ, ಬೇರೆ ತೊಟ್ಟಿಯಿರುವ ಯಾರಿಗಾದರೂ ಕೊಡಿ. ಕೈಯಲ್ಲಿ ಗಾಯವಿದ್ದ ದಿನ ತೊಟ್ಟಿಗೆ ಕೈ ಹಾಕಬೇಡಿ. ಮುಟ್ಟಿದ ಮೇಲೆ ಜ್ವರ, ಕೆಮ್ಮು, ಬಾಯಲ್ಲಿ ಲೋಹದ ರುಚಿ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ, ಮುಟ್ಟಿದ್ದು ಯಾವ ಹವಳ ಎಂದು ವೈದ್ಯರಿಗೆ ಮೊದಲೇ ಹೇಳಿ.