ರಸ್ತೆ ಹೊಸದಾಯಿತು, ಹೂವಿನವರು ಎಲ್ಲಿ?

ಈ ಸಲದ ಅಂಚೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಗದ ಒಂದೇ ವಿಷಯದ್ದು: "ನಮ್ಮ ಬೀದಿಯನ್ನು ಅಭಿವೃದ್ಧಿ ಮಾಡುತ್ತಿದ್ದಾರೆ, ಏನು ಮಾಡೋದು?" ನಾನು 31 ವರ್ಷ ಬೇರೆ ಬೇರೆ ಊರುಗಳಲ್ಲಿ ಎಂಜಿನಿಯರಾಗಿ ರಸ್ತೆ ಅಗೆಸಿದವನು. ಹಾಗಾಗಿ ಸಂಪಾದಕರು ಇಡೀ ಕಟ್ಟನ್ನು ನನ್ನ ಮೇಜಿಗೆ ತಳ್ಳಿದ್ದಾರೆ. ಬೈಗುಳದ ಕಾಗದಗಳೂ ಸೇರಿ.

ಪ್ರಶ್ನೆ: ನಮ್ಮಮ್ಮ 22 ವರ್ಷದಿಂದ ಮಾರುಕಟ್ಟೆ ರಸ್ತೆಯಲ್ಲಿ ಹೂವು ಮಾರುತ್ತಾರೆ. ರಸ್ತೆ ಹೊಸದು ಮಾಡುತ್ತೇವೆ, ಮೂರು ತಿಂಗಳು ಹಿಂದಿನ ಬೀದಿಗೆ ಹೋಗಿ, ಆಮೇಲೆ ಇಲ್ಲೇ ಜಾಗ ಕೊಡುತ್ತೇವೆ ಎಂದು ಅಧಿಕಾರಿಗಳು ಬಂದು ಹೇಳಿ ಹೋದರು. ನಂಬಬಹುದಾ ಸರ್?
— ಓದುಗಿ, ತುಮಕೂರು

ಹೇಳಿದವರು ಸುಳ್ಳು ಹೇಳಿರಲಿಕ್ಕಿಲ್ಲ ಕಣಮ್ಮ. ಆದರೆ ಮೂರು ತಿಂಗಳ ಮೇಲೆ ಆ ಕುರ್ಚಿಯಲ್ಲಿ ಅವರೇ ಇರುತ್ತಾರೆ ಎಂದು ಯಾರು ಹೇಳಿದರು? ನಾನೇ ಒಂದು ಊರಿನಲ್ಲಿ ಹೀಗೆ ಮಾತು ಕೊಟ್ಟು, ಆರನೇ ವಾರಕ್ಕೆ ವರ್ಗವಾಗಿ ಹೋದೆ. ನನ್ನ ಜಾಗಕ್ಕೆ ಬಂದವರಿಗೆ ಫೈಲಿನಲ್ಲಿ ಆ ಮಾತು ಸಿಗಲಿಲ್ಲ. ಸಿಗೋದಾದರೂ ಹೇಗೆ, ನಾನು ಬರೆದಿದ್ದರೆ ತಾನೆ?

ಆದ್ದರಿಂದ ಮೊದಲು ಬರಹದಲ್ಲಿ ಕೇಳಿ. ಬೀದಿ ವ್ಯಾಪಾರಿಗಳಿಗೆ ಅಂತಲೇ 2014ರಲ್ಲಿ ಕೇಂದ್ರದ ಕಾಯ್ದೆ ಬಂದಿದೆ. ಅದರ ಪ್ರಕಾರ ಊರಿನ ವ್ಯಾಪಾರಿಗಳ ಸಮೀಕ್ಷೆ ಐದು ವರ್ಷಕ್ಕೆ ಒಂದು ಸಲವಾದರೂ ಆಗಬೇಕು. ಸಮೀಕ್ಷೆ ಮುಗಿದು ಎಲ್ಲರಿಗೂ ಮಾರಾಟದ ಪ್ರಮಾಣಪತ್ರ ಕೈಗೆ ಬರುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಆಮೇಲೂ ಬೇರೆ ಕಡೆ ಕಳಿಸಬೇಕೆಂದರೆ 30 ದಿನದ ನೋಟಿಸ್ ಕೊಡಬೇಕು. ಸುಮ್ನೆ ಬಂದು ಬಾಯಲ್ಲಿ ಹೇಳಿದ್ದು ನೋಟಿಸ್ ಆಗುವುದಿಲ್ಲ. ಇದಕ್ಕೆಲ್ಲ ಪಟ್ಟಣ ಮಾರಾಟ ಸಮಿತಿ ಅಂತ ಒಂದಿದೆ. ಅದರಲ್ಲಿ ಶೇ 40ರಷ್ಟು ಜನ ಬೀದಿ ವ್ಯಾಪಾರಿಗಳೇ ಇರಬೇಕು. ಆ ವ್ಯಾಪಾರಿಗಳಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಿಮ್ಮ ಊರಿನ ಸಮಿತಿಯಲ್ಲಿ ಹೂವಿನ ಸಾಲಿನವರು ಯಾರಿದ್ದಾರೆ, ಕೇಳಿ ನೋಡಿ. ಯಾರೂ ಇಲ್ಲದಿದ್ದರೆ ಮುಂದಿನ ಚುನಾವಣೆಗೆ ಅಮ್ಮನನ್ನೇ ನಿಲ್ಲಿಸಿ. 22 ವರ್ಷ ಮಾರು ಹೂವಿಗೆ ಚೌಕಾಸಿ ಮಾಡಿಸಿಕೊಂಡವರಿಗೆ ಸಭೆಯಲ್ಲಿ ಮಾತಾಡೋದು ಕಷ್ಟವಾಗಲಾರದು.

ಎರಡನೆಯದು, ಕಾನೂನಿಗಿಂತ ಮುಖ್ಯ. ಈ ವಾರವೇ ಒಂದು ಟೇಪು ತಗೊಂಡು ಹೋಗಿ. ರಸ್ತೆ ಅಗೆದ ಮೇಲೆ "ಅಮ್ಮ ಇಲ್ಲಿ ಕೂರುತ್ತಿದ್ದರು" ಎಂದು ತೋರಿಸಲು ಗುರುತೇ ಉಳಿಯುವುದಿಲ್ಲ. ಹಳೇ ಚಪ್ಪಡಿ, ಚರಂಡಿ, ಮೈಲಿಗಲ್ಲು ಎಲ್ಲ ಹೋಗುತ್ತವೆ. ಹಿಂದಿನ ಅಂಗಡಿಯ ಗೋಡೆಯ ಮೂಲೆ ಉಳಿಯುತ್ತದೆ. ಅಲ್ಲಿಂದ ಎಷ್ಟು ಅಡಿ ಎಂದು ಅಳೆಯಿರಿ. ಹತ್ತಿರದ ದೀಪದ ಕಂಬದ ನಂಬರ್ ಬರೆದುಕೊಳ್ಳಿ. ಸಾಲಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಅಂತ ಒಂದು ಪಟ್ಟಿ ಮಾಡಿ ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಫೋಟೊ ಅಂಟಿಸಿ, ಪಾಲಿಕೆಯ ಟಪಾಲು ವಿಭಾಗಕ್ಕೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ನಾನು ಕಚೇರಿಯಲ್ಲಿದ್ದಾಗ ಅತ್ಯಂತ ಹೆದರುತ್ತಿದ್ದದ್ದು ಘೋಷಣೆ ಕೂಗುವವರಿಗಲ್ಲ, ಸೀಲು ಹಾಕಿಸಿಕೊಂಡ ಕಾಗದ ತರುವವರಿಗೆ.

"ಮೂರು ತಿಂಗಳು" ಅನ್ನೋದನ್ನೂ ನಂಬಬೇಡಿ. ಬೆಂಗಳೂರಿನ ಗಾಂಧಿ ಬಜಾರ್ ರಸ್ತೆಯ ಕೆಲಸ 2022ರಲ್ಲಿ ಶುರುವಾಯಿತು. ಹೇಳಿದ ಗಡುವುಗಳು ಒಂದಾದ ಮೇಲೊಂದು ದಾಟಿದವು. ಹೂವು ಹಣ್ಣಿನವರು ಧೂಳಿನಲ್ಲೇ ಹಬ್ಬಗಳನ್ನು ಕಳೆದರು. ನಿಮ್ಮಮ್ಮನ ವರ್ಷದ ದುಡಿಮೆ ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ, ದೀಪಾವಳಿಯಲ್ಲಿ ಇದೆ, ಅಲ್ವಾ? ಹಾಗಾದರೆ ಅರ್ಜಿಯಲ್ಲಿ ಇದನ್ನೇ ಬರೆಯಿರಿ: ಶ್ರಾವಣದಿಂದ ಕಾರ್ತಿಕದವರೆಗೆ ನಮ್ಮ ಸಾಲನ್ನು ಅಗೆಯಬೇಡಿ. ಎಂಜಿನಿಯರ್ ಹತ್ತಿರ ಇರುವ ಕೆಲಸದ ಪಟ್ಟಿಯಲ್ಲಿ ಮಳೆಗಾಲ ಇರುತ್ತದೆ, ಹಬ್ಬ ಇರುವುದಿಲ್ಲ.

ಇನ್ನು ಹೊಸ ಕಟ್ಟಡ ಕಟ್ಟಿ ಒಳಗೆ ಜಾಗ ಕೊಡುತ್ತೇವೆ ಅಂದರೆ, ಯಾವ ಮಹಡಿ ಎಂದು ಕೇಳಿ. ಇದು ನನ್ನ ಸ್ವಂತ ತಪ್ಪಿನಿಂದ ಬಂದ ಬುದ್ಧಿ. ಊರಿನ ಹೆಸರು ಬೇಡ. ಸೊಪ್ಪು ತರಕಾರಿಯವರಿಗೆ ಎರಡು ಅಂತಸ್ತಿನ ಮಾರುಕಟ್ಟೆ ಕಟ್ಟಿಸಿದೆ. ಕೆಳಗೆ ಬಟ್ಟೆ, ಪಾತ್ರೆ ಅಂಗಡಿ. ಅವು ಬಾಡಿಗೆ ಜಾಸ್ತಿ ಕೊಡುತ್ತವೆ ಎಂಬ ಲೆಕ್ಕ. ಮೇಲೆ ಸೊಪ್ಪು. ಕಟ್ಟೆಗಳಿಗೆ ಬಿಳಿ ಟೈಲ್ಸ್, ಮೇಲೆ ಫ್ಯಾನು. ಉದ್ಘಾಟನೆಯ ದಿನ ಎಲ್ಲರೂ ಹತ್ತಿದರು. ಮಾರನೇ ವಾರ ಒಬ್ಬ ಅಜ್ಜಿ ನನ್ನ ಜೀಪಿಗೆ ಅಡ್ಡ ನಿಂತು ಕೇಳಿದಳು: "ಸ್ವಾಮಿ, ನಿಮ್ಮ ಮನೆಯಾಕೆ ಎರಡು ಕಟ್ಟು ಮೆಂತ್ಯಕ್ಕೆ ಮಹಡಿ ಹತ್ತುತ್ತಾಳಾ?" ಹತ್ತುವುದಿಲ್ಲ. ಆರು ತಿಂಗಳಿಗೆ ಎಲ್ಲ ಸೊಪ್ಪಿನವರೂ ವಾಪಸ್ ರಸ್ತೆಗೆ ಬಂದು ಕೂತರು. ನಾವು ಅವರಿಗೆ ಅತಿಕ್ರಮಣ ಎಂದು ಹೆಸರಿಟ್ಟೆವು. ಆ ಮಹಡಿಯಲ್ಲಿ ಈಗ ಹಳೇ ಟ್ಯೂಬ್‌ಲೈಟು, ಮುರಿದ ಕುರ್ಚಿ ತುಂಬಿವೆಯಂತೆ.

ಒಂದು ಮರೆತೆ. ಎತ್ತಂಗಡಿ ಸಮಯದಲ್ಲಿ ಸಾಮಾನು ಹೊತ್ತುಕೊಂಡು ಹೋದರೆ, ಹೂವಿನಂಥ ಬಾಡಿ ಹೋಗುವ ಸರಕನ್ನು ಅದೇ ದಿನ ಬಿಡಬೇಕು ಎಂದು ಆ ಕಾಯ್ದೆಯಲ್ಲೇ ಇದೆ. ಬೇರೆ ಸಾಮಾನಾದರೆ ಎರಡು ಕೆಲಸದ ದಿನದೊಳಗೆ. ಹೊತ್ತುಕೊಂಡು ಹೋದದ್ದರ ಪಟ್ಟಿಯನ್ನು ಅಲ್ಲೇ ಬರೆಸಿಕೊಳ್ಳಿ.

ಪ್ರಶ್ನೆ: ನಮ್ಮ ಕಿರಾಣಿ ಅಂಗಡಿ ಮುಂದಿನ ರಸ್ತೆ ಅಗೆದು ಎಂಟು ತಿಂಗಳಾಯಿತ್ರಿ. ಮುಚ್ಚತಾರ, ಮತ್ತ ಅಗಿತಾರ. ಒಂದೇ ರಸ್ತೆನ ಎಷ್ಟು ಸಲ ಅಗೆಯೋದು?
— ಅಂಗಡಿ ಮಾಲೀಕರು, ಹುಬ್ಬಳ್ಳಿ

ನಿಮ್ಮ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಬೇಕಾದರೆ: ಕನಿಷ್ಠ ನಾಲ್ಕು ಸಲ. ಒಳಚರಂಡಿಗೆ ಒಬ್ಬರು, ಕುಡಿಯುವ ನೀರಿಗೆ ಒಬ್ಬರು, ಕರೆಂಟಿನ ಕೇಬಲ್ಲಿಗೆ ಒಬ್ಬರು, ಇಂಟರ್ನೆಟ್ ತಂತಿಗೆ ಇನ್ನೊಬ್ಬರು. ಪ್ರತಿಯೊಬ್ಬರಿಗೂ ಬೇರೆ ಟೆಂಡರ್, ಬೇರೆ ಬಿಲ್. ಮೇಲೆ ಡಾಂಬರು ಹಾಕಿದವನಿಗೆ ಬಿಲ್ ಬೇಗ ಆಗುತ್ತದೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ನೆಲದ ಕೆಳಗೆ ಯಾರು ಮೊದಲು, ಯಾರು ಆಮೇಲೆ ಎಂದು ಹೊಂದಿಸುವ ಕೆಲಸಕ್ಕೆ ಮಾತ್ರ ಯಾವ ಬಿಲ್ಲೂ ಇಲ್ಲ.

ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಎಂದು ಕೆಲವು ರಸ್ತೆಗಳನ್ನು ಮಾಡಿದರು. ಅದರ ಮುಖ್ಯ ಉಪಾಯ ಇಷ್ಟೇ: ಕೊಳವೆ, ಕೇಬಲ್ಲುಗಳನ್ನು ಪಾದಚಾರಿ ಮಾರ್ಗದ ಕೆಳಗೆ ತಂದು, ಅಲ್ಲಲ್ಲಿ ಮುಚ್ಚಳ ಇಡೋದು. ಆಗ ನಾಳೆ ಯಾರಿಗೆ ಏನು ಬೇಕಾದರೂ ಮುಚ್ಚಳ ತೆಗೆದರೆ ಸಾಕು, ರಸ್ತೆ ಮುಟ್ಟಬೇಕಿಲ್ಲ. ದುಡ್ಡು ಜಾಸ್ತಿ ಎಂದು ಬೈದವರೂ ಇದ್ದಾರೆ. ನನ್ನ ಲೆಕ್ಕದಲ್ಲಿ ನಾಲ್ಕು ಸಲ ಅಗೆಯೋದೇ ದುಬಾರಿ.

ನಿಮಗೆ ಈಗ ಬೇಕಾದದ್ದು ಬೇರೆ. ಕಾಮಗಾರಿ ಜಾಗದಲ್ಲಿ ಫಲಕ ಇದೆಯಾ ನೋಡಿ. ಕೆಲಸದ ಹೆಸರು, ಮೊತ್ತ, ಗುತ್ತಿಗೆದಾರ, ಮುಗಿಯುವ ದಿನ ಅದರಲ್ಲಿರಬೇಕು. ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ದೋಷ ಹೊಣೆಗಾರಿಕೆ ಅವಧಿ ಎಷ್ಟು ವರ್ಷ ಎಂಬುದನ್ನೂ ಅದರಲ್ಲೇ ಸೇರಿಸಿ. ಕೆಲಸ ಮುಗಿದ ಮೇಲೆ ಕುಸಿದರೆ ಅದೇ ಗುತ್ತಿಗೆದಾರನಿಂದ ಮಾಡಿಸಬಹುದು. ಮತ್ತೆ, ಓಣಿಯ ಅಂಗಡಿಯವರೆಲ್ಲ ಸೇರಿ ಒಂದೇ ಬೇಡಿಕೆ ಇಡಿ: ಪ್ರತಿ ಬಾಗಿಲಿಗೆ ಕಟಕಟೆ ಇರುವ ಗಟ್ಟಿ ಹಲಗೆ. ಪರಿಹಾರ, ಬಾಡಿಗೆ ಮನ್ನಾ ಅಂತ ಹತ್ತು ಬೇಡಿಕೆ ಇಟ್ಟರೆ ಹತ್ತೂ ಬಿದ್ದುಹೋಗುತ್ತವೆ. ಹಲಗೆ ಮಾತ್ರ ಮಾರನೇ ದಿನವೇ ಬರುತ್ತದೆ. ಗಿರಾಕಿ ದಾಟಿ ಬರಲು ಅಷ್ಟು ಸಾಕಲ್ರಿ?

ಪ್ರಶ್ನೆ: ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ಕೆಡವಿ ಹಾಗೇ ಕಾಣುವಂತೆ ಹೊಸದು ಕಟ್ಟಿದರೆ ಏನು ತಪ್ಪು? ಹಳೇದು ತಲೆ ಮೇಲೆ ಬೀಳುವ ತನಕ ಕಾಯಬೇಕಾ?
— ಕಾಲೇಜು ವಿದ್ಯಾರ್ಥಿ, ಮೈಸೂರು

ನಿನ್ನ ಭಯ ಸುಳ್ಳಲ್ಲಪ್ಪ. 2012ರಲ್ಲಿ ನಿಮ್ಮೂರಿನದೇ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯದೇ ಒಂದು ಭಾಗ ಬಿತ್ತು. ಆಮೇಲೆ ಒಂದು ತಜ್ಞರ ಗುಂಪು ಕೆಡವಬೇಕು ಎಂದಿತು, ಇನ್ನೊಂದು ಗುಂಪು ದುರಸ್ತಿ ಮಾಡಿ ಉಳಿಸಬಹುದು ಎಂದಿತು. ವಿಷಯ ಕೋರ್ಟಿಗೂ ಹೋಯಿತು.

ನಾನು ದುರಸ್ತಿಯ ಕಡೆ. ಹಳೇದರ ಮೇಲಿನ ಮೋಹಕ್ಕಲ್ಲ. ಸುಣ್ಣದ ಗಾರೆಯ ಗೋಡೆ ಬೀಳೋದು ವಯಸ್ಸಿಗಿಂತ ಹೆಚ್ಚಾಗಿ ನೀರಿನಿಂದ. ಚಾವಣಿಯಲ್ಲಿ ಗಿಡ ಬೆಳೆಯುತ್ತದೆ, ಬೇರು ಬಿರುಕು ಮಾಡುತ್ತದೆ, ಮಳೆ ನೀರು ಒಳಗಿಳಿಯುತ್ತದೆ. ಅದರ ಮೇಲೆ ನಾವು ಸಿಮೆಂಟ್ ಬಳಿಯುತ್ತೇವೆ. ಸಿಮೆಂಟ್ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ, ಗೋಡೆ ಒಳಗೊಳಗೇ ಕೊಳೆಯುತ್ತದೆ. ವರ್ಷಾವರ್ಷ ಗಿಡ ಕಿತ್ತು ಚಾವಣಿಯ ಮಳೆನೀರಿನ ದೋಣಿ ಸರಿ ಮಾಡಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಹೊಸ ಕಟ್ಟಡಕ್ಕೂ ಅದೇ ಕೈಗಳು ತಾನೆ ನಿರ್ವಹಣೆ ಮಾಡೋದು?

ಇನ್ನೊಂದು ಲೆಕ್ಕ ನೀನೇ ಮಾಡು. ಅಲ್ಲಿ ವೀಳ್ಯದೆಲೆ, ಕುಂಕುಮ, ಬಾಳೆಹಣ್ಣು ಮಾರುವವರ ಮಳಿಗೆಗಳು ಎಷ್ಟು ಚಿಕ್ಕವು ನೋಡು. ಕೆಡವಿ ಕಟ್ಟಲು ಎಷ್ಟು ವರ್ಷ ಬೇಕು, ಅಷ್ಟು ವರ್ಷ ಎಲೆಯವನು ಎಲ್ಲಿ ಕೂರಬೇಕು? ಗುಂಡಿಗೆ ನೀರು ತುಂಬಿಕೊಂಡು ನಿಂತ ಯೋಜನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಟ್ಟಡ ಮುಗಿದಾಗ ಎಲೆಯವನ ಮಗ ಡೆಲಿವರಿ ಬೈಕು ಓಡಿಸುತ್ತಿರುತ್ತಾನೆ.

ಪ್ರಶ್ನೆ: ನಾನು ಬಸವನಗುಡಿಯಲ್ಲೇ ಹುಟ್ಟಿ 74 ವರ್ಷ ಇಲ್ಲೇ ಇದ್ದೇನೆ. ಈಗ ಎಲ್ಲಿ ನೋಡಿದರೂ ಕೆಫೆ, ಗೇಟಿನ ಮುಂದೆ ಕಾರು, ಪಕ್ಕದ ಮನೆ ಒಡೆದು ನಾಲ್ಕು ಅಂತಸ್ತು. ಇದಕ್ಕೇನಾ ಪುನರುಜ್ಜೀವನ ಅನ್ನೋದು?
— ಹಿರಿಯ ಓದುಗರು, ಬೆಂಗಳೂರು

ಸ್ವಾಮಿ, ನೀವು ನನಗಿಂತ ಹಿರಿಯರು, ಆದರೂ ಒಂದು ತರಲೆ ಮಾತು ಹೇಳುತ್ತೇನೆ. ಬಸವನಗುಡಿಯೇ ಒಂದು ಹೊಸ ಬಡಾವಣೆ. 1898ರಲ್ಲಿ ಪ್ಲೇಗು ಬಂದು ಪೇಟೆಯಲ್ಲಿ ಜನ ಸತ್ತ ಮೇಲೆ, ಗಾಳಿ ಬೆಳಕು ಇರಲಿ ಎಂದು ಇದನ್ನೂ ಮಲ್ಲೇಶ್ವರವನ್ನೂ ಮಾಡಿದರು. ಅದಕ್ಕೆ ಮೊದಲು ಅದು ಸುಂಕೇನಹಳ್ಳಿ, ಕಡಲೆಕಾಯಿ ಹೊಲ. ಆ ರೈತರು ನಮ್ಮ ಅಜ್ಜಂದಿರ ಮನೆಗಳನ್ನು ನೋಡಿ ಏನಂದುಕೊಂಡಿದ್ದರೋ. ಕಾರ್ತಿಕದ ಕೊನೇ ಸೋಮವಾರ ಪರಿಷೆಗೆ ಮಾತ್ರ ಕಡಲೆಕಾಯಿ ವಾಪಸ್ ಬರುತ್ತದೆ.

ಹಾಗೆಂದು ನಿಮ್ಮ ದೂರು ಸುಳ್ಳಲ್ಲ. ಬೀದಿ ಚಂದ ಮಾಡಿದರೆ ಬಾಡಿಗೆ ಏರುತ್ತದೆ. ಬಾಡಿಗೆ ಏರಿದರೆ ಟೈಲರ್ ಹೋಗಿ ಕೆಫೆ ಬರುತ್ತದೆ. ಚರ್ಚ್ ಸ್ಟ್ರೀಟನ್ನು 2018ರಲ್ಲಿ ಕಲ್ಲು ಹಾಸಿ ತೆರೆದರು. ಆ ಕಲ್ಲು ನಡೆಯೋಕೆ ಚಂದ. ಅದರ ಮೇಲೇ ಕಾರು ಬಿಟ್ಟರು, ಕಲ್ಲು ಕುಸಿದವು. 2020ರ ಕೊನೆಯಲ್ಲಿ ಕೆಲವು ತಿಂಗಳು ಶನಿವಾರ ಭಾನುವಾರ ವಾಹನ ನಿಲ್ಲಿಸಿದರು, ಜನ ರಸ್ತೆಯ ನಡುವೆ ನಡೆದಾಡಿದರು. ಆಮೇಲೆ ಮತ್ತೆ ಕಾರು.

ನಿಮ್ಮ ಬೀದಿಗೆ ಕೈಲಾಗುವ ಕೆಲಸ ಒಂದಿದೆ. ಆ ಕೆಫೆಗೆ ಉದ್ದಿಮೆ ಪರವಾನಗಿ ಇದೆಯಾ, ಆ ನಿವೇಶನ ವಸತಿಗೋ ವಾಣಿಜ್ಯಕ್ಕೋ, ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿದ ಜಾಗದಲ್ಲಿ ಈಗ ಅಡುಗೆಮನೆ ಇದೆಯಾ ಎಂದು ಬರೆದು ಕೇಳಿ. ಮೂರನೆಯದಕ್ಕೆ ಬಹಳ ಸಲ ಉತ್ತರ ಹೌದು. ಮೊದಲಾದರೆ ಕಾರ್ಪೊರೇಟರ್ ಮನೆಗೆ ಹೋಗಿ ಜಗಳ ಆಡಬಹುದಿತ್ತು. 2020ರ ಸೆಪ್ಟೆಂಬರಿನಲ್ಲಿ ಅವರ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಮೀರಿ ಚುನಾವಣೆಯೇ ನಡೆಯಲಿಲ್ಲ. ಪಾಲಿಕೆ ಒಡೆದು ಐದಾಯಿತು. ನಿಮ್ಮದು ಯಾವ ಪಾಲಿಕೆ ಎಂದು ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ಅರ್ಜಿ ಊರೂರು ಸುತ್ತುತ್ತದೆ.

ಪ್ರಶ್ನೆ: ಹೊಸ ಫುಟ್‌ಪಾತ್ ಮಾಡುವಾಗ ಮರದ ಬುಡಕ್ಕೆ ಸುತ್ತಲೂ ಕಾಂಕ್ರೀಟ್ ಹಾಕಿದ್ದಾರೆ. ಮರ ಉಳಿಯುತ್ತಾ?
— ಶಿಕ್ಷಕಿ, ದಾವಣಗೆರೆ

ತಕ್ಷಣ ಸಾಯುವುದಿಲ್ಲ ಮೇಡಂ, ಅದಕ್ಕೇ ಯಾರೂ ತಪ್ಪು ಒಪ್ಪುವುದಿಲ್ಲ. ಕೆಲವು ವರ್ಷದ ಮೇಲೆ ಮಳೆಗಾಲದ ಒಂದು ರಾತ್ರಿ ಆಟೋ ಮೇಲೆ ಬೀಳುತ್ತದೆ. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಬುಡದ ಸುತ್ತ 1 ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದಿತ್ತು. ಅದರ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ಕಾಂಕ್ರೀಟ್ ಹಾಕಿ ಎಷ್ಟು ದಿನವಾಯಿತು ಎಂದು ನೀವು ಬರೆದಿಲ್ಲ. ಬೇಗ ಹೋದಷ್ಟೂ ಒಡೆಯೋದು ಸುಲಭ.

ಪ್ರಶ್ನೆ: ಸೈಕಲ್ ಪಥದಲ್ಲಿ ಕಾರು ನಿಲ್ಲಿಸಿದ್ದರೆ ಸೈಕಲ್ ಎಲ್ಲಿ ಓಡಿಸಬೇಕು?
— ಒಂಬತ್ತನೇ ತರಗತಿ, ಬೆಳಗಾವಿ

ಸದ್ಯಕ್ಕೆ ನಿಮ್ಮ ಶಾಲೆಯ ಮೈದಾನದಲ್ಲಿ, ಮರಿ. ಆ ಕಾರುಗಳ ಫೋಟೊ ನನಗೆ ಕಳಿಸು. ನಂಬರ್ ಪ್ಲೇಟ್ ಸರಿಯಾಗಿ ಕಾಣಲಿ.

ಪ್ರಶ್ನೆ: ಇಷ್ಟೆಲ್ಲ ಹೇಳುತ್ತೀರಲ್ಲ, ನೀವು ಈಗ ಸೊಪ್ಪು ಎಲ್ಲಿ ಕೊಳ್ಳುತ್ತೀರಿ?
— ಹೆಸರು ಬರೆದಿಲ್ಲ, ಅಂಚೆ ಮುದ್ರೆ ಹಾಸನದ್ದು

ಮನೆ ಬಾಗಿಲಲ್ಲಿ. ಏಳು ಗಂಟೆಗೆ ತಳ್ಳುಗಾಡಿ ಬರುತ್ತದೆ. ದಂಟಿನ ಸೊಪ್ಪು ಬೇಕಾದರೆ ಆರೂಮುಕ್ಕಾಲಿಗೇ ತಿರುವಿನಲ್ಲಿ ಹೋಗಿ ನಿಲ್ಲಬೇಕು. ಎದುರು ಮನೆಯವರು ಒಟ್ಟಿಗೆ ನಾಲ್ಕು ಕಟ್ಟು ತೆಗೆದುಕೊಳ್ಳುತ್ತಾರೆ.