ಕಥೆಗೆ ಚಿತ್ರ ಬರೆಯುವುದು ಕೂಲಿ ಕೆಲಸವೇ?

ಪ್ರಶ್ನೆ: ಆರು ವರ್ಷಗಳಿಂದ ಕಥೆಗಳಿಗೆ ಚಿತ್ರ ಬರೆಯುತ್ತಿದ್ದೇನೆ. ‘ಇದು ಬರೀ ಕೂಲಿ ಕೆಲಸ, ಸ್ವಂತ ಪೇಂಟಿಂಗ್ ಯಾವಾಗ ಮಾಡ್ತೀಯ?’ ಎಂದು ಗೆಳೆಯರು ಕೇಳುತ್ತಾರೆ. ಬಿಟ್ಟುಬಿಡಲೇ?

ಉತ್ತರ: ದಯವಿಟ್ಟು ಬಿಡಬೇಡಿ. ಮೂವತ್ತು ವರ್ಷಗಳಿಂದ ಎರಡನ್ನೂ ಮಾಡುತ್ತಾ ಬಂದವಳು ನಾನು. ಮನುಷ್ಯರನ್ನು ಸರಿಯಾಗಿ ನೋಡಲು ನನಗೆ ಕಲಿಸಿದ್ದು ಬೇರೆಯವರು ಬರೆದ ಕಥೆಗಳೇ.

ಒಮ್ಮೆ ಗಡಿಯಾರ ರಿಪೇರಿ ಮಾಡುವ ಮುದುಕನ ಕಥೆಯೊಂದು ಕೈಗೆ ಬಂತು. ಕೊನೆಯಲ್ಲಿ ಅವನು ಮಗನ ಗಡಿಯಾರವನ್ನು ನೆಲಕ್ಕೆ ಅಪ್ಪಳಿಸುತ್ತಾನೆ. ನಾನು ಬರೆದದ್ದೂ ಅದನ್ನೇ: ಎತ್ತಿದ ಕೈ, ಚೂರಾದ ಗಾಜು. ‘ಕೊನೆಯನ್ನು ನೀವೇ ಮೊದಲ ಪುಟದಲ್ಲಿ ಹೇಳಿಬಿಟ್ಟಿದ್ದೀರಿ’ ಎಂದು ಸಂಪಾದಕರು ವಾಪಸು ಕಳಿಸಿದರು. ಸಿಟ್ಟು ಬಂತು. ಆದರೂ ಕಥೆಯನ್ನು ಮತ್ತೆ ಓದಿದೆ, ಮತ್ತೂ ಓದಿದೆ. ದಿನವಿಡೀ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂರುವವನ ಮುಖದಲ್ಲಿ ಏನು ಉಳಿಯುತ್ತದೆ? ಅಲ್ಲಿ ಚಿತ್ರ ಸಿಕ್ಕಿತು. ಮಸೂರ ತೆಗೆದಿಟ್ಟು ಊಟಕ್ಕೆ ಕೂತ ಮುದುಕ, ಬಲಗಣ್ಣಿನ ಸುತ್ತ ಅಚ್ಚೊತ್ತಿದ ಕೆಂಪು ವೃತ್ತ. ಆ ಗುರುತಿನ ಮಾತು ಕಥೆಯಲ್ಲಿ ಎಲ್ಲೂ ಇರಲಿಲ್ಲ. ಆಮೇಲೆ ಎರಡು ವರ್ಷ ನನ್ನ ಕ್ಯಾನ್ವಾಸುಗಳ ತುಂಬ ಅಂಥವೇ ಬಂದವು: ಹೊರೆ ಇಳಿಸಿದ ಹೆಗಲು, ಉಂಗುರ ತೆಗೆದ ಬೆರಳು. ಗೆಳೆಯರು ಕೇಳುವ ‘ಸ್ವಂತ’ ನನಗೆ ಹುಟ್ಟಿದ್ದು ಹಾಗೆ, ಆ ವಾಪಸು ಬಂದ ಚಿತ್ರದಿಂದ.

ಪ್ರಶ್ನೆ: ಮುಖಪುಟಗಳಿಗೆ ಬಳಸುವ ಬಣ್ಣಗಳಲ್ಲೇ ಮಾರಾಟದ ಪೇಂಟಿಂಗ್‌ಗಳನ್ನೂ ಮಾಡಬಹುದೇ?

ಉತ್ತರ: ಈ ವಿಷಯದಲ್ಲಿ ನಾನು ತಪ್ಪಿದ್ದೇನೆ. ಅಚ್ಚಿಗೆ ಹೋಗುವ ಚಿತ್ರ ಸ್ಕ್ಯಾನ್ ಆಗುವವರೆಗೆ ಚೆನ್ನಾಗಿದ್ದರೆ ಸಾಕು. ಹಾಗಾಗಿ ಕಣ್ಣು ಕುಕ್ಕುವ ಬಣ್ಣದ ಶಾಯಿಗಳ ಅಭ್ಯಾಸವಾಗಿತ್ತು. ಗೋಡೆಗೆ ಹಾಕುವ ಜಲವರ್ಣದಲ್ಲೂ ಅದೇ ಗುಲಾಬಿ ಶಾಯಿ ಬಳಸಿದೆ. ಕೊಂಡವರು ಕೆಲವು ವರ್ಷಗಳ ಮೇಲೆ ಅದನ್ನು ತಂದು ತೋರಿಸಿದಾಗ ಸಂಜೆಯ ಆಕಾಶದ ಜಾಗದಲ್ಲಿ ಬರೀ ಕಾಗದವಿತ್ತು. ಆ ಮನೆಯವರ ಮುಖ ಇನ್ನೂ ಮರೆತಿಲ್ಲ. ಬೇರೆ ಚಿತ್ರ ಬರೆದುಕೊಟ್ಟೆ.

ವ್ಯಾನ್ ಗೋ 1888ರಲ್ಲಿ ತನ್ನ ಮಲಗುವ ಕೋಣೆಯನ್ನು ಚಿತ್ರಿಸಿದಾಗ ಗೋಡೆಗಳು ತಿಳಿ ನೇರಳೆಯಾಗಿದ್ದವು. ಕೆಂಪು ಮಾಸಿಹೋಗಿ ನಾವಿಂದು ನೋಡುವುದು ನೀಲಿ ಗೋಡೆ. ಟ್ಯೂಬಿನ ಮೇಲೆ ಬಣ್ಣದ ಹೆಸರಿಗಿಂತ ಮೊದಲು ಸಣ್ಣ ಅಕ್ಷರದ ಪಿಗ್ಮೆಂಟ್ (ಬಣ್ಣ ಕೊಡುವ ಪುಡಿ) ಸಂಕೇತ ಓದಿ. ‘ಪಿಆರ್ 83’ ಅಂದರೆ ಅಲಿಜರಿನ್ ಕ್ರಿಮ್ಸನ್ ಎಂಬ ಗಾಢ ಕೆಂಪು. ಬೆಳಕಿಗೆ ಮಾಸುತ್ತದೆ, ತೆಳುವಾಗಿ ಹಚ್ಚಿದರೆ ಇನ್ನೂ ಬೇಗ. ಅದರ ಬದಲು ‘ಪಿವಿ 19’, ಅಂದರೆ ಕ್ವಿನಾಕ್ರಿಡೋನ್, ತೆಗೆದುಕೊಳ್ಳಿ. ಅನುಮಾನವಿದ್ದರೆ ಒಂದು ಪಟ್ಟಿ ಕಾಗದಕ್ಕೆ ಬಣ್ಣ ಹಚ್ಚಿ, ಅರ್ಧ ಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿಬಿಡಿ. ನನ್ನ ಕಿಟಕಿಯಲ್ಲಿ ಅಂಥ ಪಟ್ಟಿಗಳು ಸದಾ ಇರುತ್ತವೆ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಬರೆದ ಚಿತ್ರ ಅಚ್ಚಾದಾಗ ಮಂಕಾಗುವುದೇಕೆ?

ಉತ್ತರ: ಪರದೆ ಬಣ್ಣ ತೋರಿಸುವುದು ಬೆಳಕಿನಿಂದ, ಅಚ್ಚಿನಲ್ಲಿ ಅದು ಮೂಡುವುದು ನಾಲ್ಕು ಶಾಯಿಗಳಿಂದ. ಪರದೆಯ ಉಜ್ವಲ ನೀಲಿ, ಹಸಿರು ಆ ಶಾಯಿಗಳಿಗೆ ಎಟುಕುವುದಿಲ್ಲ. ಆ ನಾಲ್ಕು ಶಾಯಿಗಳಲ್ಲಿ ಚಿತ್ರ ಹೇಗೆ ಕಾಣುತ್ತದೆಂದು ಪರದೆಯಲ್ಲೇ ತೋರಿಸುವ ‘ಸಿಎಂವೈಕೆ’ ಪ್ರೂಫ್ ಮೊದಲೇ ಹಾಕಿಕೊಂಡು ನೋಡಿ, ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇಟ್ಟುಕೊಳ್ಳಿ. ಕಳಿಸುವ ಮುನ್ನ ಒಮ್ಮೆ ಕಪ್ಪುಬಿಳುಪು ಮಾಡಿಯೂ ನೋಡಿ. ಅಲ್ಲಿ ಮುಖ ಹಿನ್ನೆಲೆಯೊಳಗೆ ಕರಗಿಹೋಗುತ್ತಿದ್ದರೆ ಬಣ್ಣಗಳನ್ನು ಬಿಟ್ಟು ನೆರಳು ಬೆಳಕನ್ನು ಮೊದಲು ತಿದ್ದಿ.