ಪ್ರತಿಕ್ರಿಯೆ: ದಿನಸಿ ಅಂಗಡಿಗೆ ಗಿರಾಕಿಗಳು ಚೀಲ ತರುತ್ತಿಲ್ಲ

"ಚೀಲ ತನ್ನಿ" ಎಂದು ಫಲಕ ಹಾಕಿದ್ದರೂ ನಿಮ್ಮ ದಿನಸಿ ಅಂಗಡಿಗೆ ಗಿರಾಕಿಗಳು ಚೀಲ ತರುತ್ತಿಲ್ಲ ಎಂದು ಬರೆದಿದ್ದೀರಿ. ಇದಕ್ಕೆ ಮುಖ್ಯ ಕಾರಣ, ಅವರು ಕೇಳುವ ಮೊದಲೇ ನೀವು ಪುಕ್ಕಟೆ ಕೈಚೀಲ ಕೊಡುತ್ತಿರುವುದು. ಮೊದಲು ಆ ಚೀಲಗಳನ್ನು ಗಲ್ಲಾದ ಮುಂದಿನಿಂದ ತೆಗೆದು ಒಳಗಿಡಿ. ಸಾಮಾನು ತೂಗುವ ಮುನ್ನವೇ "ಚೀಲ ತಂದಿದ್ದೀರಾ?" ಎಂದು ಕೇಳಿ; ಬಿಲ್ ಆದ ಮೇಲೆ ಕೇಳಿದರೆ ತಡವಾಯಿತು. ಇಲ್ಲವೆಂದರೆ ಠೇವಣಿ ಪಡೆದು ಹತ್ತಿಬಟ್ಟೆಯ ಚೀಲ ಕೊಡಿ, ಮರಳಿಸಿದಾಗ ಪೂರ್ತಿ ಹಣ ಹಿಂದಿರುಗಿಸಿ. ಚೀಲ ತಂದದ್ದಕ್ಕೆ ಬಿಲ್ಲಿನಲ್ಲಿ ಎರಡು ರೂಪಾಯಿ ಕಡಿಮೆ ಮಾಡಿದರೆ ಜನ ಅದನ್ನು ಮರೆಯುತ್ತಾರೆ, ಠೇವಣಿಯಾಗಿ ಕೈಯಿಂದ ಕೊಟ್ಟ ಇಪ್ಪತ್ತು ರೂಪಾಯಿಯನ್ನು ಮರೆಯುವುದಿಲ್ಲ. ದಾರಿಹೋಕ ಗಿರಾಕಿಗಳೇ ಹೆಚ್ಚಿದ್ದರೆ ಠೇವಣಿ ಫಲಿಸದಿರಬಹುದು. ಅವರಿಗೆ ಖಾಲಿ ರಟ್ಟಿನ ಪೆಟ್ಟಿಗೆ ಸಾಕು.

ಸಗಟು ವ್ಯಾಪಾರಿ ತೋರಿಸುವ, ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲವನ್ನು ದಯವಿಟ್ಟು ಕೊಳ್ಳಬೇಡಿ. ಅದು ಸಾಮಾನ್ಯವಾಗಿ ಪಾಲಿಪ್ರೊಪಿಲಿನ್, ಅಂದರೆ ಪ್ಲಾಸ್ಟಿಕ್ಕೇ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಿಂದಲೇ ನಿಷೇಧವಿದೆ.